ಹಾರ ಹಾಕದ ಫೋಟೋ

ನನ್ನ ಅಂಗಡಿಯ ಅಳತೆ ಟೇಪನ್ನು ಪಕ್ಕದ ಕಾಕಾನಷ್ಟು ಸಲ ಎತ್ತಿಕೊಂಡು ಹೋದವರು ಇನ್ನೊಬ್ಬರಿಲ್ಲ. ಗಿರಾಕಿ ಎದುರಿಗೆ ಎರಡೂ ಕೈ ಅಗಲಿಸಿ ನಿಂತಿರುತ್ತಿದ್ದ. ನಾನು ಟೇಪಿಗೆಂದು ಗೋಡೆಯ ಮೊಳೆಗೆ ಕೈ ಚಾಚಿದರೆ ಅಲ್ಲಿ ಬರೀ ಮೊಳೆ. ಕಾಕಾ ಮತ್ತೆ ಕೋಟೆ ಗೋಡೆಗೆ ಹೋಗಿದ್ದಾರೆ ಎಂದು ಆಗ ತಿಳಿಯಬೇಕು. ಒಂದು ತಾಸು ಬಿಟ್ಟು ಟೇಪು ಮೈತುಂಬ ಮಣ್ಣು ಮೆತ್ತಿಕೊಂಡು ವಾಪಸು ಬರುತ್ತಿತ್ತು. ಬಿಳಿ ಬಟ್ಟೆಗೆ ಅದನ್ನು ತಾಗಿಸುವ ಹಾಗಿರಲಿಲ್ಲ. ನಾನು ಒದರಾಡುತ್ತಿದ್ದೆ. ಅವರು ನನ್ನ ಮಾತು ಕಿವಿಗೇ ಬೀಳದವರಂತೆ ಪಕ್ಕದ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅವರ ಹೆಸರನ್ನು ಬರೆಯುವುದಿಲ್ಲ. ಅವರ ಅಂಗಡಿಯ ಬೋರ್ಡಿನ ಮೇಲೂ ಹೆಸರಿರಲಿಲ್ಲ; ‘ಫೋಟೋ’ ಎಂದು ಮೇಲೆ ಉರ್ದುವಿನಲ್ಲಿ, ಕೆಳಗೆ ಕನ್ನಡದಲ್ಲಿ ಬರೆದಿತ್ತು, ಅಷ್ಟೇ. ರಾಯಚೂರಿನ ಜನ ಅವರನ್ನು ಎದುರಿಗೆ ‘ಫೋಟೋದವರು’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಹೆಣದ ಫೋಟೋದಾಂವ’ ಎನ್ನುತ್ತಿದ್ದರು. ನನಗೆ ಅವರು ಕಾಕಾ. ನಾನಾಗ ಇಪ್ಪತ್ತೈದರ ಆಸುಪಾಸಿನ ದರ್ಜಿ, ಹೊಸದಾಗಿ ಮದುವೆಯಾದವನು. ಅವರಿಗೆ ಐವತ್ತು ಸಮೀಪಿಸಿತ್ತು. ದೊಡ್ಡ ಯುದ್ಧ ನಡೆದಿದ್ದ ಕಾಲ. ನನಗೆ ಹೊಲಿಯಲು ಬಟ್ಟೆ ಸಿಗುತ್ತಿರಲಿಲ್ಲ, ಅವರಿಗೆ ಫೋಟೋ ತೆಗೆಯುವ ಗಾಜಿನ ಪ್ಲೇಟು ಸಿಗುತ್ತಿರಲಿಲ್ಲ; ಸಿಕ್ಕ ಒಂದೆರಡೂ ಸಾವಿನ ಮನೆಗೇ ಹೋಗುತ್ತಿದ್ದವು. ಕೆಲಸವಿಲ್ಲದ ಇಬ್ಬರ ನಡುವೆ ಒಂದೇ ಗೋಡೆ ಇದ್ದರೆ ಸ್ನೇಹ ತಾನಾಗಿಯೇ ಬೆಳೆಯುತ್ತದೆ.

ಹೆಣದ ಫೋಟೋ ಎಂದರೆ ಇಂದಿನವರಿಗೆ ಹೇಸಿಕೆ ಅನಿಸಬಹುದು. ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೊಸ ವಸ್ತ್ರ ಉಡಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಆಗ ಮನೆಯವರಿಗೆ ನೆನಪಾಗುತ್ತಿತ್ತು, ಅಪ್ಪನದೊಂದು ಫೋಟೋ ಇಲ್ಲವಲ್ಲ ಎಂದು. ಬದುಕಿದ್ದಾಗ ತೆಗೆಸಿರುತ್ತಿರಲಿಲ್ಲ, ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ. ಕಾಕಾ ಕ್ಯಾಮೆರಾ ಹೊತ್ತು ಓಣಿಗೆ ಬಂದರೆ ಯಾರದೋ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಹೆಣ್ಣುಮಕ್ಕಳು ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಮದುವೆ ಮುಂಜಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಊಟಕ್ಕೂ ಕರೆಯುತ್ತಿರಲಿಲ್ಲ. ಅದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ತಮ್ಮ ಅಪ್ಪನ ಮುಖವನ್ನು ಗೋಡೆಯ ಮೇಲೆ ಉಳಿಸಿಕೊಟ್ಟ ಮನುಷ್ಯನಿಗೆ ಒಂದು ಎಲೆ ಹಾಕಲು ಅವರಿಗೆ ಆಗಲಿಲ್ಲ.

ಆದರೆ ಕಾಕಾ ಸತ್ತವರೊಂದಿಗೆ ನಡೆದುಕೊಳ್ಳುವ ರೀತಿಯನ್ನು ನೋಡಬೇಕಿತ್ತು. ಒಮ್ಮೆ ಗಿಲ್ಲೆಸುಗೂರಿನಲ್ಲಿ ನಮ್ಮ ಸಂಬಂಧಿಕರೊಬ್ಬರು ತೀರಿಕೊಂಡಾಗ ನಾನೂ ಅಲ್ಲಿದ್ದೆ. ಕಾಕಾ ಕರಿ ಬಟ್ಟೆಯೊಳಗೆ ತಲೆ ಹಾಕಿ, ಹೊರಗೆ ಬಂದು, ಆ ಹೆಣದ ಮುಂದೆ ಕೈ ಮುಗಿದು, “ಯಜಮಾನ್ರ, ಸ್ವಲ್ಪ ಗದ್ದ ಮ್ಯಾಲ ಮಾಡ್ತೀನ್ರಿ, ತಪ್ಪು ತಿಳೀಬ್ಯಾಡ್ರಿ” ಎಂದು ಹೇಳಿ, ಎರಡು ಬೆರಳಿನಿಂದ ಮೆಲ್ಲಗೆ ಗದ್ದ ಎತ್ತಿದರು. ವಾಪಸು ಬರುವ ದಾರಿಯಲ್ಲಿ ನಾನು ಕೇಳಿದೆ, “ಕಾಕಾ, ಅವರಿಗೆ ಕೇಳಸ್ತದೇನ್ರಿ?”

“ಕೇಳಸ್ಲಿ ಬಿಡ್ಲಿ, ನಾ ಕೇಳಬೇಕಲ್ಲೋ ತಮ್ಮಾ. ನನ್ನ ಗಿರಾಕಿ ಅವರು. ನಿನ್ನ ಗಿರಾಕಿಗಳ ಹಂಗ ತಕರಾರು ಮಾಡೂದಿಲ್ಲ, ಅಲುಗಾಡೂದಿಲ್ಲ” ಎಂದು ನಕ್ಕರು.

ಹೀಗೆ ನಗುವ ಮನುಷ್ಯ ಒಂದು ದಿನ ನನ್ನ ಹೊಲಿಗೆ ಯಂತ್ರದ ಪಕ್ಕ ಸುಮ್ಮನೆ ಕುಳಿತಿದ್ದವರು, “ಈ ಊರಾಗ ನಾ ತೆಗೆದ ಫೋಟೋ ಇಲ್ಲದ ಓಣಿ ಇಲ್ಲ. ಹಾರ ಇಲ್ಲದ್ದು ಒಂದು ತೋರಸು” ಎಂದರು. ನಾನು ಬಹಳ ಹೊತ್ತು ಯೋಚಿಸಿದೆ. ಒಂದೂ ನೆನಪಿಗೆ ಬರಲಿಲ್ಲ. “ಸಾಯೂದರಾಗ ನನ್ನ ಕೈಲೆ ಒಂದರ ಆಗಬೇಕು, ಹಾರ ಹಾಕಲಾರದ್ದು” ಎಂದು ಎದ್ದು ಹೋದರು. ಮರುದಿನದಿಂದ ನನ್ನ ಟೇಪು ಕಾಣೆಯಾಗಲು ಶುರುವಾಯಿತು.

ಅವರು ಆರಿಸಿಕೊಂಡದ್ದು ಒಳಕೋಟೆಯ ಪಡುವಣ ಗೋಡೆಯಲ್ಲಿರುವ ಆ ಉದ್ದ ಕಲ್ಲು. ನನ್ನ ಟೇಪನ್ನು ಎಂಟು ಸಲ ಹಾಸಿದರೂ ಅದು ಮುಗಿಯುವುದಿಲ್ಲ. ಆ ಕಲ್ಲನ್ನು ಹೇಗೆ ಎಳೆದು ತಂದರೆಂಬುದನ್ನು ಅಂದಿನವರು ಅಲ್ಲೇ ಗೋಡೆಯಲ್ಲಿ ಕೊರೆದಿದ್ದಾರೆ: ಬಂಡಿ, ಅದಕ್ಕೆ ಹೂಡಿದ ಕೋಣಗಳ ಸಾಲು, ಅವನ್ನು ಅಬ್ಬರಿಸಿ ಹೊಡೆಯುವ ಆಳುಗಳು. ಕೊರೆದದ್ದು ತೀರ ತೆಳ್ಳಗೆ. ಅದರ ಮುಂದೆಯೇ ಜೀವಮಾನವಿಡೀ ಓಡಾಡಿದ ಎಷ್ಟೋ ಜನ ನೋಡಿಯೇ ಇಲ್ಲ. ನಾನೂ ನೋಡಿರಲಿಲ್ಲ. ಕಾಕಾ ನನ್ನ ಬೆರಳು ಹಿಡಿದು ಕೋಣದ ಕೊಂಬಿನ ಮೇಲೆ ಎಳೆದಾಗಲೇ ಅಲ್ಲೊಂದು ಕೋಣವಿದೆ ಎಂದು ನನಗೆ ಗೊತ್ತಾದದ್ದು.

“ಬೆರಳಿಗೆ ಸಿಗ್ತದ, ಕಣ್ಣಿಗೆ ಸಿಗವಲ್ದು. ಕಣ್ಣಿಗೆ ಸಿಗೂ ಹೊತ್ತು ಯಾವುದು, ಅದನ್ನ ಹುಡುಕಬೇಕು” ಎಂದರು.

ಪಡುವಣ ಗೋಡೆಯೆಂದ ಮೇಲೆ ಸಂಜೆಯ ಬಿಸಿಲೇ ಸರಿ ಎಂದು ಅವರೂ ಎಣಿಸಿದ್ದರು, ನಾನೂ ಎಣಿಸಿದ್ದೆ. ನಾಲ್ಕೈದು ತಿಂಗಳು ಸಂಜೆ ಸಂಜೆ ಹೋಗಿ ಪ್ಲೇಟಿಲ್ಲದ ಕ್ಯಾಮೆರಾದಲ್ಲಿ ಬರೀ ಇಣುಕಿ ನೋಡಿ ಬಂದರು. ಬಿಸಿಲು ನೇರ ಮುಖಕ್ಕೆ ಹೊಡೆದು ಗೋಡೆ ಚಪಾತಿಯಂತೆ ಸಪಾಟಾಗಿ ಕಾಣುತ್ತಿತ್ತು. ಆಮೇಲೆ ಒಮ್ಮೆ ದೇವದುರ್ಗದ ಒಂದು ಸಾವಿಗೆ ಹೋಗಿ ಬರುವಾಗ ಅವರು ಕೂತಿದ್ದ, ಪೆಟ್ರೋಲಿಗೆ ಬದಲು ಇದ್ದಿಲು ಗ್ಯಾಸಿನಿಂದ ಓಡುವ ಬಸ್ಸು ಗಬ್ಬೂರಿನ ಹತ್ತಿರ ಕೆಟ್ಟು ನಿಂತಿತು. ಬೆಳಿಗ್ಗೆ ಮುಟ್ಟಬೇಕಾದವರು ರಾಯಚೂರು ಮುಟ್ಟಿದ್ದು ಸುಡುವ ಮಧ್ಯಾಹ್ನ. ಕ್ಯಾಮೆರಾ ಹೊತ್ತು ಕೋಟೆ ಗೋಡೆಯ ಬದಿಯಿಂದ ಬಯ್ದುಕೊಳ್ಳುತ್ತ ಬರುತ್ತಿದ್ದಾರೆ, ಮಸೀದಿಯಲ್ಲಿ ಮಧ್ಯಾಹ್ನದ ಅಜಾನ್ ಆಗಿ ಮುಗಿದಿದೆ, ತಲೆಯೆತ್ತಿ ನೋಡಿದರೆ ಗೋಡೆಯಲ್ಲಿ ಕೋಣಗಳು ಎದ್ದು ನಿಂತಿವೆ! ಬಿಸಿಲು ಬಲಗಡೆ ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿದಿತ್ತು. ಒಂದೊಂದು ಗೀರಿಗೂ ನೆರಳು ಬಿದ್ದಿತ್ತು. ಒಂದು ಪಾನ್ ಹಾಕಿ ಜಗಿಯುವಷ್ಟು ಹೊತ್ತು, ಆಮೇಲೆ ಕೋಣಗಳು ಮತ್ತೆ ಗೋಡೆಯೊಳಗೆ ಹೋದವು. ಅವರು ಬಂದು ನನ್ನ ಅಂಗಡಿಯಲ್ಲಿ ಒಂದು ತಂಬಿಗೆ ನೀರು ಕುಡಿದು, “ಸಂಜಿಮುಂದ ಅಲ್ಲೋ, ನಡುಮಧ್ಯಾಹ್ನ! ಎಂಥಾ ಎಮ್ಮಿ ನಾನು!” ಎಂದು ಹಣೆ ಬಡಿದುಕೊಂಡರು.

ಅಲ್ಲಿಂದ ಒಂದು ವರ್ಷ ಅವರು ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಮಾಡಲಿಲ್ಲ. ಅಜಾನ್ ಕೇಳಿದ ಕೂಡಲೇ ಕೊಡೆ ಹಿಡಿದು ಗೋಡೆಯ ಮುಂದೆ ಹಾಜರು. ಚಳಿಗಾಲದಲ್ಲಿ ಪಕ್ಕದ ಬುರುಜಿನ ನೆರಳು ಬಂದು ಕೋಣಗಳ ಮೇಲೆ ಕೂಡುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿದ್ದು, ಮೇಲಿನ ಸಾಲಿನ ಕಲ್ಲುಗಳ ನೆರಳು ಇಳಿಯುತ್ತದೆ. ಶ್ರಾವಣದಲ್ಲಿ ಮೋಡ. ಕೊನೆಗೆ ಲೆಕ್ಕಕ್ಕೆ ಸಿಕ್ಕದ್ದು ಶಿವರಾತ್ರಿಯ ಹಿಂದುಮುಂದಿನ ಹತ್ತು ದಿನ. ಆ ಹತ್ತು ದಿನದಲ್ಲಿ ದಿನಕ್ಕೊಂದು ಪಾನಿನ ಹೊತ್ತು. ಕ್ಯಾಮೆರಾದ ಮೂರು ಕಾಲು ಊರುವ ಕಡೆ ಮೂರು ಗುಂಡುಕಲ್ಲು ಹುಗಿದು ಬಂದರು, ದೂರವನ್ನು ನನ್ನ ಟೇಪಿನಿಂದಲೇ ಅಳೆದು. ಕೋಟೆಯ ಫೋಟೋ ತೆಗೆಯಲು ಯುದ್ಧದ ಕಾಲದಲ್ಲಿ ಕಚೇರಿಯ ಪರವಾನಗಿ ಬೇಕಿತ್ತು. ಎಷ್ಟೋ ಸಲ ತಿರುಗಾಡಿ ಆ ಹತ್ತು ದಿನಕ್ಕೆಂದೇ ಚೀಟಿ ಬರೆಸಿಕೊಂಡರು. ಪ್ಲೇಟಿಗಾಗಿ ಮಾನ್ವಿಗೆ ಹೋದರು. ಅಲ್ಲಿ ಒಬ್ಬ ವಕೀಲರು ಹಿಂದೆ ಹುಚ್ಚಿಗೆ ಕ್ಯಾಮೆರಾ ಕೊಂಡು ಬಿಟ್ಟಿದ್ದರು. ಅವರ ಅಟ್ಟದಲ್ಲಿ ಒಂದು ಡಬ್ಬಿಯ ತಳದಲ್ಲಿ ಎರಡು ಪ್ಲೇಟು ಉಳಿದಿದ್ದವು. ಹಳೆಯವು, ಇನ್ನೊಂದು ವರ್ಷ ಇಟ್ಟರೆ ಕೆಟ್ಟೇ ಹೋಗುವಂಥವು. ಕೂಸನ್ನು ಎತ್ತಿಕೊಂಡು ಬಂದಂತೆ ಆ ಡಬ್ಬಿಯನ್ನು ಎದೆಗವಚಿಕೊಂಡು ಬಂದರು.

ಆ ಎರಡರಲ್ಲಿ ಒಂದನ್ನು ಹಾಳು ಮಾಡಿದವನು ನಾನು.

ಕ್ಯಾಮೆರಾಕ್ಕೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮದ ಚೀಲವಿತ್ತು. ಅದು ಒಂದು ಮಡಿಕೆಯಲ್ಲಿ ಬೆರಳಗಲ ಹರಿದಿತ್ತು. “ಕಾಕಾ, ನಾ ಇರೂಮುಂದ ಚಿಂತಿ ಯಾಕ್ರಿ?” ಎಂದು ನಾನೇ ಇಸಿದುಕೊಂಡು, ಎರಡು ಸಾಲು ಒತ್ತೊತ್ತಾಗಿ ಹೊಲಿದುಕೊಟ್ಟೆ. ಅಂಥ ಹೊಲಿಗೆಯನ್ನು ನಾನು ಮದುಮಗನ ಅಂಗಿಗೂ ಹಾಕಿರಲಿಲ್ಲ. ಅವರೂ ಬೆರಳಾಡಿಸಿ ನೋಡಿ ಭೇಷ್ ಅಂದರು. ಹತ್ತು ದಿನಗಳಲ್ಲಿ ಮೊದಲ ದಿನವೇ ಹೋಗಿ ಪ್ಲೇಟು ಹಾಕಿ ತೆಗೆದರು. ತೊಳೆದು ನೋಡಿದರೆ ಫೋಟೋದ ನಡುಮಧ್ಯೆ ಎರಡು ಸಾಲು ಕರಿ ಚುಕ್ಕಿ, ಸುತ್ತಲೂ ಮಸುಕು. ನನ್ನ ಸೂಜಿಯ ಒಂದೊಂದು ತೂತಿನಿಂದಲೂ ಬಿಸಿಲು ಒಳಗೆ ನುಗ್ಗಿತ್ತು! ದರ್ಜಿಯ ಕಣ್ಣಿಗೆ ಹೊಲಿದದ್ದೆಂದರೆ ಮುಚ್ಚಿದ್ದು. ತೂತು ಹಾಕಿದ್ದು ಎಂದು ನನಗೆ ಹೊಳೆಯಲೇ ಇಲ್ಲ. ಅದನ್ನು ನೋಡಿ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಾಕಾ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಅಂಟಿನಲ್ಲಿ ದೀಪದ ಕಾಡಿಗೆ ಕಲಸಿ ನನ್ನ ಹೊಲಿಗೆಯ ಮೇಲೆ ಮೂರು ಸಲ ಬಳಿಯುತ್ತ, “ಒಂದು ಛಲೋ ಆತು” ಎಂದರು. “ಈ ಪ್ಲೇಟಿನ್ಯಾಗ ನೋಡು, ಕಲ್ಲು ಹೊಸ್ತಿಲದಷ್ಟು ಕಾಣ್ತದ. ಎಷ್ಟು ದೊಡ್ಡದು ಅನ್ನೂದು ತಿಳೀವಲ್ದು. ಅದರ ಬಾಜೂಕ ಒಬ್ಬ ಮನಷ್ಯಾ ನಿಲ್ಲಬೇಕು.”

ಮನುಷ್ಯ ಎಲ್ಲಿಂದ ಬರಬೇಕು? ಊರಲ್ಲಿ ಅವರ ಕ್ಯಾಮೆರಾದ ಮುಂದೆ ಬದುಕಿರುವಾಗ ನಿಂತವರು ಯಾರೂ ಇರಲಿಲ್ಲ. ಕೇಳಿದವರೆಲ್ಲ ಕಿವಿ ಮುಟ್ಟಿಕೊಂಡರು. ಹೊರೆ ಹೊರುವ ಒಬ್ಬ ಗಟ್ಟಿ ಆಳು, ಯಾವುದಕ್ಕೂ ಅಂಜದವನು, “ಎರಡು ಚೀಲ ಹೊರಂದ್ರ ಹೊರ್ತೀನ್ರಿ, ನಿಮ್ಮ ಡಬ್ಬಿ ಮುಂದ ಮಾತ್ರ ನಿಲ್ಲೂದಿಲ್ಲ” ಎಂದು ಪಕ್ಕದ ಓಣಿಗೆ ತಿರುಗಿದ. ಕಾಕಾ ತಾವೇ ನಿಲ್ಲುವ ಹಾಗಿಲ್ಲ, ಲೆನ್ಸಿನ ಮುಚ್ಚಳ ತೆಗೆಯುವವರು ಬೇಕಲ್ಲ. ಒಂದೊಂದೇ ದಿನ ಹೋಗುತ್ತಿತ್ತು. ಅವರು ನನ್ನನ್ನು ಮಾತ್ರ ಕೇಳಲಿಲ್ಲ. ನನ್ನ ಹೆಂಡತಿಗೆ ಆಗ ಏಳು ತಿಂಗಳು; ಅದು ಅವರಿಗೆ ಗೊತ್ತಿತ್ತು.

ಹತ್ತರಲ್ಲಿ ಒಂಬತ್ತು ದಿನ ಮುಗಿದಾಗ ನಾನು ಮನೆಯಲ್ಲಿ ಬಾಯಿಬಿಟ್ಟೆ. ಅವಳು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು.

“ಆ ಡಬ್ಬಿ ಮುಂದ ಕುಂತವರು ಒಬ್ಬರರ ಎದ್ದು ಊಟಾ ಮಾಡ್ಯಾರೇನ್ರಿ?”

“ಅವರು ಮದಲ ಸತ್ತಿದ್ರು. ಡಬ್ಬಿ ಕೊಂದಿಲ್ಲ.”

“ನಿಮಗೇನರ ಆದ್ರ ಈ ಕೂಸಿಗೆ ಯಾರ್ರೀ ಗತಿ?”

“ನನ್ನ ಸೂಜೀಲೆ ಅವರದೊಂದು ಕೆಲಸ ಕೆಟ್ಟದ. ನಾ ನಿಲ್ಲಲಿಲ್ಲಂದ್ರ ಇನ್ನೊಂದೂ ಕೆಡ್ತದ. ನಾಳೆ ನಿಲ್ತೀನಿ” ಎಂದೆ. ಅಷ್ಟು ಗಟ್ಟಿಯಾಗಿ ನಾನು ಅವಳೊಂದಿಗೆ ಅದಕ್ಕೂ ಮೊದಲು ಮಾತಾಡಿರಲಿಲ್ಲ, ಆಮೇಲೂ ಮಾತಾಡಿಲ್ಲ. ಅವಳು ರೊಟ್ಟಿಯನ್ನು ಜೋರಾಗಿ ತಟ್ಟಿದಳು.

ಮರುದಿನ ಅಜಾನ್ ಆಗುವ ಮೊದಲೇ ನಾವಿಬ್ಬರೂ ಗೋಡೆಯ ಮುಂದಿದ್ದೆವು. ಹುಗಿದ ಕಲ್ಲುಗಳ ಮೇಲೆ ಕ್ಯಾಮೆರಾದ ಕಾಲು ಕೂತವು. ನಾನು ಕೋಣಗಳ ಚಿತ್ರಕ್ಕೆ ಅಡ್ಡ ಬಾರದಂತೆ ಕಲ್ಲಿನ ಪಕ್ಕಕ್ಕೆ, ಅವರು ತೋರಿಸಿದ ಗೆರೆಯ ಮೇಲೆ ನಿಂತೆ. ಧೈರ್ಯವೇನೋ ಮನೆಯಿಂದ ತಂದಿದ್ದೆ, ಆ ಗಾಜಿನ ಒಂಟಿ ಕಣ್ಣು ನನ್ನ ಕಡೆ ತಿರುಗಿದ ಕೂಡಲೇ ಅದು ಎಲ್ಲಿ ಹೋಯಿತೋ! ಗಿಲ್ಲೆಸುಗೂರಿನ ಯಜಮಾನರ ಗದ್ದ ನೆನಪಾಯಿತು. ಅಜಾನ್ ಕೇಳಿಸಿತು. ಬಿಸಿಲು ಗೋಡೆಯ ಮೇಲಿಂದ ಸವರಿಕೊಂಡು ಇಳಿಯತೊಡಗಿತು. ಕಾಕಾ ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದು ನನ್ನನ್ನು ನೋಡಿ ಕಿರುಚಿದರು:

“ಯಾಕಲೇ ಹಂಗ ನಿಂತೀದಿ? ಉಸರಾಡು! ಹೆಣಾ ನಿಂತಂಗ ಕಾಣಾಕತ್ತೀದಿ!”

“ಅಲುಗಾಡಬಾರದಂತ ನೀವ ಹೇಳೀರಲ್ರೀ!”

“ಅಲುಗಾಡಬ್ಯಾಡ ಅಂದೀನಿ, ಸಾಯಿ ಅಂದಿಲ್ಲ. ಹೊಟ್ಟಿ ಒಳಗ ಉಸರು ಬಿಡು. ನನಗ ಬದುಕಿದ ಮನಷ್ಯಾ ಬೇಕಾಗ್ಯಾನ!”

ನಾನು ಉಸಿರು ಬಿಟ್ಟೆ. ಕೋಣಗಳು ಒಂದೊಂದಾಗಿ ಗೋಡೆಯಿಂದ ಏಳುತ್ತಿರುವುದು ನನಗೆ ಕಾಣುವಂತಿರಲಿಲ್ಲ. ಕಾಕಾನ ಮುಖದಲ್ಲಿ ಕಾಣುತ್ತಿತ್ತು. ಅವರು ಪ್ಲೇಟು ಇಳಿಸಿದರು, ಮುಚ್ಚಳಕ್ಕೆ ಕೈ ಹಾಕಿದರು, “ನಾಕು ಎಣಸ್ತೀನಿ” ಎಂದರು. ಮುಚ್ಚಳ ತೆಗೆದರು. ಒಂದು. ಎರಡು. ಆಗ ಅವರ ಬೆನ್ನ ಹಿಂದೆ ನನ್ನ ಹೆಂಡತಿ ಕಾಣಿಸಿದಳು. ಆ ಬಿಸಿಲಲ್ಲಿ, ಆ ಹೊಟ್ಟೆ ಹೊತ್ತುಕೊಂಡು, ತಲೆಯ ಮೇಲೆ ಸೆರಗು ಹಾಕಿ ಬಂದು ನಿಂತಿದ್ದಾಳೆ. ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ, ಕಣ್ಣು ತುಂಬಿದೆ. ಮೂರು ಎನ್ನುವಾಗ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಎದ್ದು, ಏನೂ ಆಗಿಲ್ಲ ಎಂಬಂತೆ ಅವಳ ಕಡೆ ಬೀಸಿಬಿಟ್ಟಿತು. ನಾಲ್ಕು. ಮುಚ್ಚಳ ಬಿತ್ತು.

ಮೂವರೂ ಅಂಗಡಿಗೆ ಮರಳಿದೆವು. ಎರಡನೆಯ ಪ್ಲೇಟನ್ನೂ ನಾನೇ ಕೆಡಿಸಿದೆನೆಂದು ಖಾತ್ರಿಯಾಗಿತ್ತು. ಕಾಕಾ ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದರೆ ನಾನು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದೆ. ಒಳಗಿನಿಂದ ಒಮ್ಮೆಲೇ ದೊಡ್ಡ ನಗು ಕೇಳಿಸಿತು. ಒದ್ದೆ ಗಾಜನ್ನು ಅಂಚಿನಲ್ಲಿ ಹಿಡಿದುಕೊಂಡು ಅವರು ಹೊರಗೆ ಬಂದರು. ಕಲ್ಲು ಈ ತುದಿಯಿಂದ ಆ ತುದಿಯವರೆಗೆ ಬಂದಿತ್ತು. ಕೋಣಗಳ ಕೊಂಬು, ಬಂಡಿಯ ಗಾಲಿ, ಆಳುಗಳು, ಎಲ್ಲವೂ ಇದ್ದವು. ಪಕ್ಕದಲ್ಲಿ ನಾನು ಒಂದು ಗೇಣಿನ ಎಂಟರಲ್ಲೊಂದು ಭಾಗದಷ್ಟು ಪುಟ್ಟ ಮನುಷ್ಯ. ನನ್ನ ಬಲಗೈ ಇರಬೇಕಾದಲ್ಲಿ ಮಾತ್ರ ಹೊಗೆಯಂಥ ಒಂದು ಮಸುಕು.

“ತಪ್ಪಾತ್ರಿ ಕಾಕಾ” ಎಂದೆ.

“ಯಾವ ತಪ್ಪು? ಇಷ್ಟು ವರ್ಷದಾಗ ನನ್ನ ಫೋಟೋದಾಗ ಮದಲನೇ ಸಲ ಒಬ್ಬಾಂವ ಅಲುಗಾಡ್ಯಾನ!” ಎಂದರು. ನಗುತ್ತಿದ್ದ ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ನನಗೂ ಅಳು ತಡೆಯಲಿಲ್ಲ. ನಮ್ಮ ಮನೆಯವಳು ಸೆರಗಿನ ಮರೆಯಿಂದ ಗಾಜನ್ನು ಇಣುಕಿ ನೋಡಿ, ನನ್ನ ಮೈಯನ್ನು ಒಂದು ಸಲ ಮುಟ್ಟಿ ನೋಡಿ, “ಇವತ್ತು ಮನಿಗೆ ಊಟಕ್ಕ ಬರ್ರಿ ಕಾಕಾ, ಕಾಕೂನ್ನೂ ಕರ್ಕೊಂಡು” ಎಂದಳು. ರಾಯಚೂರಿನಲ್ಲಿ ಆ ಗಂಡಹೆಂಡತಿಗೆ ಬಂದ ಮೊದಲ ಊಟದ ಕರೆ ಅದು. ಎರಡು ತಿಂಗಳಿಗೆ ನಮಗೆ ಮಗ ಹುಟ್ಟಿದ. ನಾನು ಸಾಯಲಿಲ್ಲ, ನೋಡುತ್ತಿದ್ದೀರಲ್ಲ.

ಆ ಫೋಟೋವನ್ನು ಅವರು ಕಟ್ಟು ಹಾಕಿಸಿ ತಮ್ಮ ಮನೆಯ ಗೋಡೆಗೆ ಹಾಕಿಕೊಂಡರು. ಯಾರು ಕೇಳಿದರೂ ಕೊಡಲಿಲ್ಲ. ಬಂದವರು ಕೋಣ ನೋಡುತ್ತಿದ್ದರು, ಕಾಕಾ ಮಾತ್ರ ನನ್ನ ಮಸುಕು ಕೈಯನ್ನು ತೋರಿಸುತ್ತಿದ್ದರು. ಯುದ್ಧ ಮುಗಿಯಿತು, ನಿಜಾಮರ ಕಾಲವೂ ಮುಗಿಯಿತು, ಜನ ಬದುಕಿರುವಾಗಲೇ ಫೋಟೋ ತೆಗೆಸಿಕೊಳ್ಳಲು ಕಲಿತರು. ಹೊಸ ಹೊಸ ಸ್ಟುಡಿಯೋಗಳು ಬಂದವು. ಕಾಕಾ ಕೊನೆಯವರೆಗೂ ಕೈ ಮುಗಿದು, ಕೇಳಿ, ಗದ್ದ ಎತ್ತುವುದನ್ನು ಬಿಡಲಿಲ್ಲ.

ಅವರು ತೀರಿಕೊಂಡಾಗ ನಾನು ಹೋದೆ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಅವರ ತಲೆಯ ಮೇಲೆಯೇ ಆ ಕಲ್ಲಿನ ಫೋಟೋ ಇತ್ತು. ಊರಿನವರಿಗೆಲ್ಲ ಫೋಟೋ ತೆಗೆದ ಮನುಷ್ಯನದು ಒಂದೂ ಫೋಟೋ ಮನೆಯಲ್ಲಿರಲಿಲ್ಲ. ದೇವದುರ್ಗದಿಂದ ಬಂದಿದ್ದ ಅವರ ಅಣ್ಣನ ಮಗ ಎರಡು ಹಾರ ತಂದಿದ್ದ. ಒಂದನ್ನು ಕಾಕಾನ ಕೊರಳಿಗೆ ಹಾಕಿ, ಇನ್ನೊಂದನ್ನು ಹಿಡಿದುಕೊಂಡು ಸುತ್ತ ನೋಡಿದ. ಗೋಡೆಯ ಮೇಲಿದ್ದದ್ದು ಅದೊಂದೇ ಫೋಟೋ. ಅದೂ ಕಾಕಾ ತೆಗೆದದ್ದೇ. ಅವನು ಸ್ಟೂಲು ಹತ್ತಿದ. ಅಲ್ಲಿಯವರೆಗೆ ಅಳುತ್ತ ಕುಳಿತಿದ್ದ ಕಾಕಾನ ಹೆಂಡತಿ, ನಮ್ಮ ಕಾಕೂ, ತಲೆಯೆತ್ತಿದರು.

“ಏ, ಇಳಿ ಕೆಳಗ! ಅದಕ್ಕ ಹಾರ ಹಾಕಬ್ಯಾಡ!”

“ಯಾಕ ಚಿಗವ್ವಾ?”

“ಅದರಾಗ ಬದುಕಿದ ಮನಷ್ಯಾ ಅದಾನ. ಕೈ ನೋಡು, ಅಲುಗಾಡ್ಯದ. ಇಲ್ಲೇ ನಿಂತಾನ ನೋಡು ಆಂವ!”

ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಏನು ಮಾಡಬೇಕೋ ತಿಳಿಯದೆ ನಾನು ಬಲಗೈ ಎತ್ತಿದೆ. ಅವನು ಇಳಿದು ಎರಡನೆಯ ಹಾರವನ್ನೂ ಕಾಕಾನ ಕೊರಳಿಗೇ ಹಾಕಿದ. ನಾನು ಅವರ ಮುಂದೆ ಕುಳಿತು, ಅವರಂತೆಯೇ ಕೈ ಮುಗಿದು ಕೇಳಿ, ಹಾರದಡಿ ಸಿಕ್ಕ ಅವರ ಗದ್ದವನ್ನು ಎರಡು ಬೆರಳಿನಿಂದ ಸ್ವಲ್ಪ ಮೇಲೆತ್ತಿದೆ. ಮಣ್ಣು ಮಾಡಿ ಬಂದ ಮೇಲೆ ಕಾಕೂ ಆ ಫೋಟೋವನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

ಈಗ ಅದು ನಮ್ಮ ಮನೆಯಲ್ಲಿದೆ, ಟೇಪು ತೂಗುಹಾಕುವ ಮೊಳೆಯ ಪಕ್ಕದಲ್ಲಿ. ಆಮೇಲೆ ನಾನು ಮತ್ತೆಂದೂ ಫೋಟೋಕ್ಕೆ ನಿಲ್ಲಲಿಲ್ಲ. ಅಂಜಿಕೆಯಿಂದಲ್ಲ, ಅದಕ್ಕಿಂತ ಛಲೋ ಯಾರೂ ತೆಗೆಯಲಾರರೆಂಬ ಸೊಕ್ಕಿನಿಂದ. ಆದರೆ ಮೊನ್ನೆ ನನಗೆ ಜ್ವರ ಬಂದು ಮಲಗಿದ್ದಾಗ ಮಗ ಆ ಕಟ್ಟಿನ ಗಾಜು ಒರೆಸುತ್ತಿದ್ದುದನ್ನು ಕಂಡೆ. ಅಂದು ಹೊಟ್ಟೆಯೊಳಗಿದ್ದ ಅದೇ ಮಗ, ಅವನಿಗೂ ಈಗ ತಲೆ ನರೆತಿದೆ. ಅವನ ಮನಸ್ಸಿನಲ್ಲಿದ್ದದ್ದು ನನಗೆ ತಿಳಿಯಿತು. ಕರೆದು ಹತ್ತಿರ ಕೂಡಿಸಿಕೊಂಡು ಸ್ಪಷ್ಟವಾಗಿ ಹೇಳಿದೆ: “ನಾ ಹೋದ ಮ್ಯಾಲೂ ಅದಕ್ಕ ಹಾರ ಹಾಕಬ್ಯಾಡಪಾ. ನಿಮಗ ಹಾರಕ್ಕ ಬೇಕಂದ್ರ ಬ್ಯಾರೆ ಫೋಟೋ ತೆಗಸ್ರಿ. ಆವಾಗ ನಾ ಅಲುಗಾಡೂದಿಲ್ಲ.”